ಸೋಫಾದಿಂದ ಬೀಸಿದ ಗಾಳ

ರೀ,

ನೀವು ಏಳೋ ಹೊತ್ತಿಗೆ ನಾನು ಕೆರೆ ದಡದಲ್ಲಿರ್ತೀನಿ. ಗಾಳದ ಕೋಲು ಎಲ್ಲಿ ಅಂತ ಮನೆಯೆಲ್ಲ ತಡಕಾಡಬೇಡಿ, ನಾನೇ ತಗೊಂಡು ಹೋಗಿದೀನಿ.

ಸೂಪು ಒಲೆ ಮೇಲಿದೆ, ಬಿಸಿ ಮಾಡ್ಕೊಳ್ಳಿ. ಬೆಕ್ಕು ನಿಮ್ಮ ಸ್ವೆಟರ್ ಮೇಲೆ ಮಲಗಿದೆ, ಎಬ್ಬಿಸದೆ ಮೆಲ್ಲಗೆ ಎಳ್ಕೊಳ್ಳಿ.

ಕಾಲಿನ ಪ್ಲಾಸ್ಟರ್ ಬಿಚ್ಚಿ ತಿಂಗಳಾಯ್ತು. ಡಾಕ್ಟರು ನಡೀರಿ ಅಂದ್ರು, ನೀವು ಚಳಿ ಕಳೀಲಿ ಅಂದ್ರಿ. ಹಾಳಾಗಿ ಹೋಗಲಿ ಅಂತ ಸುಮ್ಮನಿದ್ದೆ. ಆದರೆ ನಿನ್ನೆ ಸೋಫಾದಲ್ಲಿ ಕೂತಲ್ಲಿಂದಲೇ ಗಾಳ ಬೀಸಿ, ಅಡುಗೆಮನೆ ಕಟ್ಟೆ ಮೇಲಿದ್ದ ಚಿಪ್ಸ್ ಪೊಟ್ಟಣ ಎಳ್ಕೊಂಡ್ರಲ್ಲ, ಬಾಗಿಲ ಸಂದಿಯಿಂದ ನೋಡಿದೆ. ಗುರಿ ಏನೋ ಚೆನ್ನಾಗಿತ್ತು. ನಗು ತಡೆಯೋಕಾಗದೆ ಬಚ್ಚಲಿಗೆ ಓಡಿದೆ. ಅಲ್ಲಿ ಯಾಕೋ ಅಳುನೂ ಬಂತು.

ಬಿಯರ್ ಹುಡುಕಿ ಫ್ರಿಜ್ ಬಾಗಿಲು ಬಡೀಬೇಡಿ. ಎರಡೂ ಬಾಟಲಿ ನನ್ನ ಚೀಲದಲ್ಲಿವೆ, ಹುರಿದ ಕಡಲೆಕಾಯಿ ಜೊತೆ. ಊರುಗೋಲು ಬಾಗಿಲ ಹತ್ತಿರ ಇದೆ, ಟೋಪಿ ಅದಕ್ಕೇ ಸಿಗಿಸಿದೀನಿ. ಅವಸರ ಏನಿಲ್ಲ, ನಿಧಾನಕ್ಕೆ ಬನ್ನಿ.

ಹುಳ ಮುಟ್ಟೋದು ನನ್ನ ಕೈಲಾಗಲ್ಲ ಅಂತ ನಿಮಗೆ ಗೊತ್ತೇ ಇದೆ. ನೋಡಿದೋರು ನಕ್ಕರೆ ನಗಲಿ, ನೀವು ಬರೋವರೆಗೂ ಖಾಲಿ ಕೊಕ್ಕೆನೇ ನೀರಿಗೆ ಬಿಟ್ಕೊಂಡು ಕೂತಿರ್ತೀನಿ.