ಹದಿನೆಂಟನೆಯ ಹೆಸರು

ಸಿದ್ದು,

ನಿನ್ನ ಫೋನ್ ಹತ್ತುತ್ತಿಲ್ಲ, ಅದಕ್ಕೇ ಈ ಚೀಟಿ ಬರೆದಿಟ್ಟಿದ್ದೇನೆ. ಡ್ಯಾಮಿನಿಂದ ಮತ್ತೆ ನೀರು ಬಿಟ್ಟಿದ್ದಾರೆ. ಸಂಜೆಯೊಳಗೆ ನಮ್ಮ ಓಣಿಗೆ ಹೊಳೆ ಬರಬಹುದು. ನಾನು ಸ್ವಯಂಸೇವಕರ ತಂಡದ ಜೊತೆ ಹೊರಟೆ.

ನಡೆಯಲಾಗದವರ ಪಟ್ಟಿ ಬರೆದವಳು ನಾನೇ. ಮೂರು ಸಲ ತಾಳೆ ನೋಡಿದರೂ ಅವ್ವನ ಹೆಸರು ಬಿಟ್ಟುಹೋಗಿದ್ದು ಕಾಣಲಿಲ್ಲ. ನಮ್ಮ ಮನೆ ನನಗೆ ಗೊತ್ತೇ ಇದೆಯಲ್ಲ ಎಂದು ಬರೆಯದೆ ಬಿಟ್ಟಿದ್ದೆ! ಈಗ ಕೊನೆಗೆ ಸೇರಿಸಿದ್ದೇನೆ. ಇರುವುದು ಒಂದೇ ಟ್ರ್ಯಾಕ್ಟರ್. ಹದಿನೇಳು ಮನೆಯವರನ್ನು ಹಿಂದೆ ಹಾಕಲು ಮನಸ್ಸು ಬರಲಿಲ್ಲ.

ನೀನು ತಂಡಕ್ಕೆ ಕಾಯಬೇಡ. ಪಕ್ಕದ ಮನೆಯ ತೋಟಪ್ಪ ಮಾವನನ್ನು ಕರೆದು, ಅವ್ವನನ್ನು ಕುರ್ಚಿ ಸಮೇತ ಪರಿಹಾರ ಕೇಂದ್ರ ಮಾಡಿರುವ ಶಾಲೆಗೆ ಎತ್ತಿಕೊಂಡು ಹೋಗು. ಬಿಪಿ ಮಾತ್ರೆಗಳು ಅವಳ ಚೀಲದಲ್ಲಿವೆ.

"ಊರ ಮುದುಕೇರನೆಲ್ಲಾ ಬರಕೊಂಡಿ, ನಾ ಏನ್ ಹರೇದಾಕೇನ?" ಎಂದು ಅವ್ವ ನಕ್ಕಳು. ನನಗೆ ನಗು ಬರಲಿಲ್ಲ.

ಶಾಲೆ ಮುಟ್ಟಿದ ಕೂಡಲೇ ಮಾವನ ಫೋನಿನಿಂದ ಹೇಳು. ಅವಳ ಹೆಸರಿಗೆ ಗುರುತು ಹಾಕುವವರೆಗೆ ನಾನು ಪಟ್ಟಿ ಮಡಚುವುದಿಲ್ಲ.

ಅಕ್ಕ