ಕೇಳದೆ ಕತ್ತರಿಸಿದ ತೋಳು

ಮನೆಯಿಂದ,
ಭಾನುವಾರ, ನವೆಂಬರ್ ಹದಿನೇಳು

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಗಾಯದ ಹೊಲಿಗೆ ಬಿಚ್ಚಿದರಾ? ರಾತ್ರಿ ನಿದ್ದೆ ಬರುತ್ತಿದೆಯಾ? ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಅಮ್ಮನಿಗೆ ಮಂಡಿನೋವು, ಬೈಯುವ ಬಾಯಿಗೆ ಮಾತ್ರ ಏನೂ ಆಗಿಲ್ಲ. ನೀನು ಆಸ್ಪತ್ರೆಯ ನರ್ಸಮ್ಮನ ಕೈಲಿ ಬರೆಸಿದ ಕಾಗದವನ್ನು ಅಕ್ಕಪಕ್ಕದವರಿಗೆಲ್ಲ ತೋರಿಸಿ, "ನೋಡ್ರೇ, ಸೈನ್ಯ ಸೇರಿದ ಮೇಲೆ ನನ್ನ ಮಗನ ಅಕ್ಷರ ಎಷ್ಟು ದುಂಡಗಾಗಿದೆ!" ಎಂದು ಬೀಗುತ್ತಾಳೆ. ನಾನು ತಲೆ ತಗ್ಗಿಸಿ ಪಾತ್ರೆ ಉಜ್ಜುತ್ತೇನೆ. ನಿನ್ನ ಬಲಗೈ ಹೋಗಿರುವುದು ಈ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತು. ಅಮ್ಮನಿಗೆ ಹೇಳಕೂಡದು ಎಂದು ನನಗೆ ಬೇರೆಯಾಗಿ ಬರೆಸಿದ್ದೀಯಲ್ಲ, ಅದಕ್ಕೇ ಹಲ್ಲು ಕಚ್ಚಿಕೊಂಡಿದ್ದೇನೆ.

ನಗಬೇಡ, ನಾನು ಸೇವಾ ಸಂಘ ಸೇರಿದ್ದೇನೆ. ಹೊಟ್ಟೆ ತುಂಬಿದವರ ಪುಣ್ಯದ ಅಂಗಡಿ ಎಂದು ಬೈಯುತ್ತಿದ್ದೆನಲ್ಲ, ಅದೇ ಸಂಘ. ಯುದ್ಧಕ್ಕೆ ಕಳಿಸುವವರು ಬೇರೆ, ಹೋಗುವವರು ಬೇರೆ; ಮೈ ಮುರಿಸಿಕೊಂಡು ಬಂದವನಿಗೆ ಬೇಕಾದದ್ದು ಚಪ್ಪಾಳೆಯಲ್ಲ, ಹಕ್ಕು. ಕರಪತ್ರಗಳಲ್ಲಿ ಓದಿದ ಇದನ್ನೆಲ್ಲ ಮೊದಲ ಸಭೆಯಲ್ಲೇ ಎದ್ದು ನಿಂತು ಹೇಳಿದೆ. ಔಷಧಿ ಅಂಗಡಿಯವರೇ ಸಂಘದ ಅಧ್ಯಕ್ಷರು. ಪೂರ್ತಿ ಕೇಳಿಸಿಕೊಂಡು, "ಸರಿ ಕಣಮ್ಮ, ಹಕ್ಕು ಬರೋವರೆಗೂ ಅವರು ಹಿಡ್ಕೊಂಡು ಏಳೋಕೆ ಬಚ್ಚಲುಮನೇಲಿ ಹಿಡಿಕೆ ಹಾಕೋರು ಯಾರು? ನಿನಗೆ ಮೊಳೆ ಹೊಡೆಯೋಕೆ ಬರುತ್ತಾ?" ಅಂದರು. ಬರುತ್ತಿರಲಿಲ್ಲ. ಹೊಲಿಗೆ ಬರುತ್ತಿತ್ತು. ಪ್ರತಿ ಭಾನುವಾರ ಇವರು ಮಾಜಿ ಸೈನಿಕರ ಮನೆಗಳಿಗೆ ಹೋಗುತ್ತಾರೆ. ಒಬ್ಬರು ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಾರೆ, ಇನ್ನೊಬ್ಬರು ಗಾಲಿಕುರ್ಚಿ ಹತ್ತಲೆಂದು ಮೆಟ್ಟಿಲಿಗೆ ಹಲಗೆ ಹಾಸುತ್ತಾರೆ, ನಿವೃತ್ತ ಮೇಷ್ಟ್ರೊಬ್ಬರು ಬರೀ ಇಸ್ಪೀಟಾಡಿ ಸೋತು ಬರುತ್ತಾರೆ. ನನ್ನ ಪಾಲಿಗೆ ಬಂದದ್ದು ಸಂಘದ ಹಿಂದಿನ ಕೋಣೆಯ ಹೊಲಿಗೆ ಯಂತ್ರ. ಒಂದೇ ಕೈಯಲ್ಲಿ ಹಾಕಿಕೊಳ್ಳಲು ಆಗುವಂತೆ ಅಂಗಿಯ ಗುಂಡಿ ಕಿತ್ತು ಟಿಚ್ ಬಟನ್ ಕೂರಿಸುವ ಕೆಲಸ.

ಅಲ್ಲಿಗೆ ಬರುವವರಲ್ಲಿ ಒಬ್ಬರು ತುತ್ತೂರಿ ಮಾವ. ಸೈನ್ಯದ ಬ್ಯಾಂಡಿನಲ್ಲಿದ್ದವರು, ಎಡಗೈ ಭುಜದಿಂದಲೇ ಇಲ್ಲ. ಖಾಲಿ ತೋಳಿನ ತುದಿಯನ್ನು ಜೇಬಿಗೆ ಸಿಕ್ಕಿಸಿಕೊಂಡು, ಟೀ ಅಂಗಡಿಯಲ್ಲಿ ಕೂತು, ಬಂದವರೆಲ್ಲರ ಕಾಲೆಳೆಯುತ್ತಿದ್ದರು. ಅವರ ಅಂಗಿಗಳು ನನ್ನ ಕೈಗೆ ಬಂದವು. ಗುಂಡಿ ಬದಲಿಸಿದ್ದರೆ ಸಾಕಿತ್ತು. ನನಗೋ, ಬಚ್ಚಿಡುವುದೇಕೆ, ನಾಚಬೇಕಾದದ್ದು ಇವರಲ್ಲ, ಊರು, ನೋಡಲಿ ಅನ್ನಿಸಿತು. ಎಡತೋಳುಗಳನ್ನೆಲ್ಲ ಭುಜದ ಹತ್ತಿರ ಕತ್ತರಿಸಿ, ಅಂಚು ಮಡಚಿ ನೀಟಾಗಿ ಹೊಲಿದುಬಿಟ್ಟೆ. ಕಳಿಸುವಾಗ ಎಂಥಾ ಹೆಮ್ಮೆ ಅಂತೀಯ!

ಮುಂದಿನ ಭಾನುವಾರ ಅವರು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಮನೆಗೆ ಹೋದೆ. ಬನಿಯನ್ನಿನಲ್ಲಿ, ಕಿಟಕಿಗೆ ಬೆನ್ನು ಹಾಕಿ ಕೂತಿದ್ದರು. ಬೈಯಲಿಲ್ಲ. "ಗಾಳಿ ಬೀಸಿದ್ರೆ ಆ ತೋಳು ಉಬ್ಬೋದು ಕಣಮ್ಮ. ಒಂದು ಗಳಿಗೆ, ಕೈ ಇದೆ ಅನ್ನಿಸೋದು" ಅಂದರು. ಆಮೇಲೆ, "ಆಸ್ಪತ್ರೇಲೂ ನನ್ನ ಕೇಳ್ದೇನೇ ಕತ್ತರಿಸಿದ್ರು. ಆಗ ನನಗೆ ಪ್ರಜ್ಞೆ ಇರಲಿಲ್ಲ, ಅವರದೇನು ತಪ್ಪು? ನೀನು ಕತ್ತರಿಸುವಾಗ ನಾನು ಎಚ್ಚರವಾಗೇ ಇದ್ನಲ್ಲ, ತಾಯಿ" ಅಂದರು.

ಓಡಿಬಂದು ಆ ತುಂಡುಗಳನ್ನು ಹುಡುಕಿದೆ. ಸಂಘದವರು ನೆಲ ಒರೆಸಲು ತೆಗೆದುಕೊಂಡಿದ್ದರು. ಬೇರೆ ಬಟ್ಟೆ ತಂದು ತೋಳು ಕೂರಿಸಿ ಕೊಟ್ಟೆ, ಬಣ್ಣ ಕೂಡಲಿಲ್ಲ. "ಪರವಾಗಿಲ್ಲ ಬಿಡು" ಅಂದರು. ಟೀ ಅಂಗಡಿಯ ಬೆಂಚಿನಲ್ಲಿ ಅವರ ಜಾಗ ಇನ್ನೂ ಖಾಲಿಯಿದೆ. ನಾನು ಓದಿದ್ದು ಸುಳ್ಳು ಎಂದು ಈಗಲೂ ಅನ್ನಿಸುವುದಿಲ್ಲ ಅಣ್ಣ. ಆದರೆ ಅಂಗಿ ಅವರದು. ಈಗ ಹಿಡಿಕೆ ಹಾಕುವವರ ಜೊತೆ ಹೋಗುತ್ತಿದ್ದೇನೆ. ಎಷ್ಟು ಎತ್ತರಕ್ಕೆ ಬೇಕು ಎಂದು ಕೇಳಿದ ಮೇಲೇ ಸುತ್ತಿಗೆ ಎತ್ತುವುದು. ಹೆಬ್ಬೆರಳು ಊದಿಕೊಂಡಿದೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕಾಗದ ಬರೆದುಕೊಡುವ ನರ್ಸಮ್ಮನಿಗೆ ನನ್ನ ನಮಸ್ಕಾರ. ನಿನ್ನ ತಲೆ ನೇವರಿಸಿದ್ದಾಳೆಂದು ಬರೆಯಲು ಅಮ್ಮ ಹೇಳಿದಳು.

ನಿನ್ನ ಜಗಳಗಂಟಿ ತಂಗಿ

ಇನ್ನೊಂದು ಮಾತು. ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಅಮ್ಮ ನಿನಗೊಂದು ಸ್ವೆಟರ್ ಹೆಣೆಯುತ್ತಿದ್ದಾಳೆ. ಮೈ ಆಯಿತು, ಎಡತೋಳು ಆಯಿತು. ಇವತ್ತು ಬಲತೋಳು ಶುರು ಮಾಡಿದಳು. "ಅವನದು ಉದ್ದ ಕೈ, ಇನ್ನೊಂದು ಗೇಣು ಇರ್ಲಿ ಅಲ್ವೇನೇ?" ಎಂದು ಈಗಷ್ಟೇ ಕೇಳಿದಳು. ಹೋದ ತಿಂಗಳಾಗಿದ್ದರೆ ಹೇಳಿಯೇಬಿಡುತ್ತಿದ್ದೆ. ಹೇಳಲಾ ಅಣ್ಣ? ನೀನೇ ಹೇಳುತ್ತೀಯಾ? ಬೇಗ ಬರೆಸು. ಅಲ್ಲಿಯವರೆಗೆ ನಾನು ಅವಳ ಎದುರು ಕೂತು ಉಲ್ಲನ್ ಸುತ್ತಿಕೊಡುತ್ತಿರುತ್ತೇನೆ.