ಬಿಚ್ಚದೆ ಸುಟ್ಟ ಬುಟ್ಟಿ

ರೈಲ್ವೆ ಸಾಮಾನು ವಿಭಾಗದ ಮುಖ್ಯಾಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ಕಳೆದ ಜೂನ್ ತಿಂಗಳಲ್ಲಿ ನಿಮ್ಮ ವಿಭಾಗ ನನ್ನದೊಂದು ಬುಟ್ಟಿಯನ್ನು ಸುಟ್ಟಿತು. ನಾನು ಮೂರು ಸಲ ಬರೆದ ಮೇಲೆ ನಿಮ್ಮಿಂದ ಒಂದು ಉತ್ತರ ಬಂತು. ಕಾಗದ ದಪ್ಪವಾಗಿದೆ, ಮೊಹರು ದುಂಡಗಿದೆ. "ಒಳಗಿದ್ದದ್ದು: ರೊಟ್ಟಿ. ಕೆಡುವ ಪದಾರ್ಥವಾದ್ದರಿಂದ ನಿಯಮಾನುಸಾರ ನಾಶಪಡಿಸಲಾಗಿದೆ" ಎಂದು ಬರೆದಿದ್ದೀರಿ. ರೊಟ್ಟಿ ಇದ್ದದ್ದು ನಿಜ, ಮೂವತ್ತು ಇದ್ದವು. ಆ ಮೂವತ್ತರ ನಡುವೆ ನನ್ನ ತಂಗಿಯ ಮಗಳು ನಬವಿಯಳ ಕುತ್ತಿಗೆಯಿಂದ ಕೊಯ್ದು ತೆಗೆದು, ಮೇಣದಲ್ಲಿ ಹುದುಗಿಸಿಟ್ಟ ಎರಡು ಚೂರು ಮಾಂಸವೂ ಇತ್ತು. ಅದನ್ನು ನೋಡಿ ಕೈರೋದ ದೊಡ್ಡ ವೈದ್ಯರು ಅವಳಿಗೆ ಯಾವ ಔಷಧಿ ಎಂದು ಗೊತ್ತುಮಾಡಬೇಕಿತ್ತು. ನಬವಿಯ ಈಗ ಇಲ್ಲ. ನಿಮ್ಮ ಉತ್ತರ ಇದೆ.

ನಿಮಗೆ ಬರೆಯುವ ಮೊದಲು, ಊರವರ ಬಂಧುಗಳಿಗೆ ಬಿಟ್ಟು ಬೇರೆಯವರಿಗೆ ನಾನು ಪತ್ರ ಬರೆದವಳಲ್ಲ. ತಪ್ಪಿದ್ದರೆ ತಿದ್ದಿಕೊಂಡು ಓದಿ. ನನಗೆ ಎಪ್ಪತ್ತೊಂದು. ಊರು ನೈಲ್ ನದಿಯ ಪಡುವಣ ದಡದ ನಗಾ ಸಂತ್. ನಿಮ್ಮ ರೈಲು ಅಲ್ಲಿ ನಿಲ್ಲುವುದಿಲ್ಲ, ಧೂಳೆಬ್ಬಿಸಿ ಹೋಗುತ್ತದೆ. ಐವತ್ತು ವರ್ಷದಿಂದ ನಾನು ಮಾಡಿಕೊಂಡು ಬಂದ ಕೆಲಸ ಬುಟ್ಟಿಯ ಬಾಯಿ ಹೊಲಿಯುವುದು. ನಮ್ಮ ಕಡೆಯವರು ಪಟ್ಟಣದ ನೆಂಟರ ಮನೆಗೆ ಬರಿಗೈಯಲ್ಲಿ ಹೋಗುವವರಲ್ಲ. ಖರ್ಜೂರದ ಗರಿಯ ಬುಟ್ಟಿಯಲ್ಲಿ ಬಿಸಿಲಿಗೆ ಹುದುಗು ಬರಿಸಿ ಸುಟ್ಟ ರೊಟ್ಟಿ, ಒಣಗಿಸಿದ ಬೆಂಡೆಕಾಯಿ, ತುಪ್ಪದ ಡಬ್ಬ ತುಂಬಿ, ಮೇಲೆ ಬಿಳಿ ಬಟ್ಟೆ ಹಾಸಿ, ಅಂಚಿನ ಸುತ್ತ ದಬ್ಬಳದಲ್ಲಿ ಹೊಲಿಯುತ್ತೇವೆ. ಹೊಲಿದ ಮೇಲೆ ಮುಗಿಯಿತು, ಹೊತ್ತುಕೊಂಡು ಹೋಗುವವರೂ ಅದನ್ನು ಬಿಚ್ಚುವುದಿಲ್ಲ. ಬುಟ್ಟಿ ಯಾರಿಗೆ ಹೋಗುತ್ತದೋ ಆ ಮನೆಯ ಹೆಂಗಸೇ ದಾರ ಕತ್ತರಿಸಬೇಕು. ದಾರಿಯಲ್ಲಿ ಬಾಯಿ ಬಿಚ್ಚಿದ ಬುಟ್ಟಿ ಮನೆಗೆ ಸಾವನ್ನು ಕರೆತರುತ್ತದೆ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು, ಅವಳಿಗೆ ಅವಳಜ್ಜಿ ಹೇಳಿದ್ದಳಂತೆ.

ನಾನು ಅಕ್ಷರ ಕಲಿತದ್ದೂ ಈ ಬುಟ್ಟಿಗಳಿಂದಲೇ. ಬಟ್ಟೆಯ ಮೇಲೆ ಹೆಸರು, ವಿಳಾಸ ಹೊಲಿಯಬೇಕಲ್ಲ? ಮೊದಮೊದಲು ಯಾರೋ ಬರೆದುಕೊಟ್ಟ ಚೀಟಿಯನ್ನು ಹೂವಿನ ಚಿತ್ರ ಎಂಬಂತೆ ನೋಡಿಕೊಂಡು ಹೊಲಿಯುತ್ತಿದ್ದೆ. ನಲವತ್ತು ದಾಟುವ ಹೊತ್ತಿಗೆ ಆ ಹೂವುಗಳು ಮಾತಾಡತೊಡಗಿದವು. ಆಮೇಲೆ ನನ್ನ ಒಂದು ಕಾಗದವಿಲ್ಲದೆ ಊರಿನ ಯಾವ ಬುಟ್ಟಿಯೂ ರೈಲು ಹತ್ತಲಿಲ್ಲ.

ಹೋದ ವರ್ಷ ನಿಮ್ಮ ಹೊಸ ನಿಯಮಗಳು ಬಂದವು. ಒಬ್ಬರಿಗೆ ಎರಡೇ ಸಾಮಾನು. ಪ್ರತಿಯೊಂದೂ ಗೇಟಿನಲ್ಲಿಟ್ಟ ಕಬ್ಬಿಣದ ಚೌಕಟ್ಟಿನಲ್ಲಿ ತೂರಬೇಕು. ಹೆಣೆದದ್ದು, ಹೊಲಿದದ್ದು, ಹಗ್ಗದಲ್ಲಿ ಬಿಗಿದದ್ದು ಬಿಚ್ಚಿ ತೋರಿಸದೆ ಬೋಗಿಯೊಳಗೆ ಕೂಡದು. ಮಾನ್ಯರೇ, ಇದನ್ನು ಬರೆದವರು ಯಾವ ಪ್ರಯಾಣಿಕರನ್ನು ಕಣ್ಣ ಮುಂದೆ ಇಟ್ಟುಕೊಂಡಿದ್ದರು? ಚಕ್ರದ ಪೆಟ್ಟಿಗೆಯನ್ನು ಎರಡು ಬೆರಳಲ್ಲಿ ಎಳೆದುಕೊಂಡು, ಕೈ ತೊಳೆಯುವುದಕ್ಕೂ ಶೀಶೆಯ ನೀರು ಸುರಿಯುವವರನ್ನೇ? ಹನ್ನೆರಡು ಗಂಟೆಯ ಆ ದಾರಿಯಲ್ಲಿ ಮೂರನೇ ದರ್ಜೆಯಲ್ಲಿ ಕೂತವರ ಸಾಮಾನೆಂದರೆ ಹೆಣೆದದ್ದು, ಹೊಲಿದದ್ದು, ಹಗ್ಗದಲ್ಲಿ ಬಿಗಿದದ್ದು, ಈ ಮೂರೇ. ನಮ್ಮನ್ನು ಬೇಡವೆನ್ನಲು ನಾಚಿಕೆಯಾಗಿ ನಮ್ಮ ಬುಟ್ಟಿಗಳನ್ನು ಬೇಡವೆಂದಿರಿ, ಅಷ್ಟೇ ತಾನೇ?

ಇರಲಿ. ನಬವಿಯಳ ವಿಷಯ ಹೇಳುತ್ತೇನೆ. ಮೂವತ್ತನಾಲ್ಕು ವಯಸ್ಸು, ಇಬ್ಬರು ಹೆಣ್ಣುಮಕ್ಕಳು. ನಮ್ಮ ಬೀದಿಯ ಒಲೆ ಅವಳದೇ, ಅವಳು ಸುಟ್ಟ ರೊಟ್ಟಿ ನಾಲ್ಕು ದಿನವಾದರೂ ಮೆತ್ತಗೆ. ಕುತ್ತಿಗೆಯಲ್ಲಿ ಗಂಟು ಎದ್ದಿತು. ಜಿಲ್ಲಾಸ್ಪತ್ರೆಯಲ್ಲಿ ಕೊಯ್ದು ನೋಡಿ, ಇದು ಯಾವ ಜಾತಿಯದೆಂದು ನಮಗೆ ತಿಳಿಯದು, ಕೈರೋಗೆ ಒಯ್ಯಿರಿ ಎಂದರು. ಮಂಗಳವಾರ ಬರಲು ಅಲ್ಲಿಂದ ಚೀಟಿಯೂ ಬಂತು. ಹೆಬ್ಬೆರಳ ತುದಿಯಷ್ಟಿದ್ದ ಎರಡು ಮೇಣದ ಬಿಲ್ಲೆಗಳನ್ನು ಕೈಗೆ ಕೊಡುವಾಗ ಪರೀಕ್ಷಾಲಯದ ಹುಡುಗಿ ಎರಡು ಮಾತು ಹೇಳಿದಳು. "ಬಿಸಿ ತಾಗಿಸಬೇಡಿ, ಕರಗುತ್ತೆ. ಕಳೀಬೇಡಿ, ಕಳೆದ್ರೆ ಮತ್ತೆ ಕೊಯ್ಬೇಕಾಗುತ್ತೆ."

ಜೂನ್ ತಿಂಗಳ ಬೋಗಿಯಲ್ಲಿ ಬಿಸಿ ತಾಗದ ಜಾಗ ಎಲ್ಲಿದೆ, ನೀವೇ ಹೇಳಿ. ಸೊಂಟದ ಚೀಲದಲ್ಲಿಟ್ಟರೆ ಮೈಯ ಕಾವು, ಕೈಚೀಲದಲ್ಲಿಟ್ಟರೆ ಕಿಟಕಿಯ ಬಿಸಿಲು. ನನಗೆ ಗೊತ್ತಿದ್ದ ತಂಪಾದ ಜಾಗ ಒಂದೇ: ಗರಿಯ ಬುಟ್ಟಿಯ ಹೊಟ್ಟೆ, ಆರಿದ ರೊಟ್ಟಿಗಳ ನಡುವೆ, ಸುತ್ತ ಒದ್ದೆ ಬಟ್ಟೆ. ನನಗೆ ಗೊತ್ತಿದ್ದ ಭದ್ರವಾದ ಜಾಗವೂ ಅದೇ. ನಮ್ಮಲ್ಲಿ ಬೆಲೆಬಾಳುವುದನ್ನೆಲ್ಲ ಹೊಲಿದ ಬುಟ್ಟಿಯ ನಡುವೆಯೇ ಇಡುವುದು. ಮದುವೆಯ ಬಳೆ ಹಾಗೇ ಹೋಗಿವೆ, ಜಮೀನಿನ ಪತ್ರ ಹಾಗೇ ಹೋಗಿವೆ, ಒಂದೂ ತಪ್ಪಿಲ್ಲ.

ನಾನು ಬಿಲ್ಲೆಗಳನ್ನು ಸುತ್ತಿ ಒಳಗಿಡುವಾಗ ನಬವಿಯ ಪಕ್ಕದಲ್ಲಿ ಕೂತು ನೋಡುತ್ತಿದ್ದಳು.

"ದೊಡ್ಡಮ್ಮ, ನನ್ನನ್ನೇ ರೊಟ್ಟಿ ಮಧ್ಯೆ ಇಟ್ಟು ಕಟ್ತಿದ್ದೀಯಲ್ಲ, ಕೈರೋದೋರು ತಿಂದುಗಿಂದು ಬಿಟ್ಟಾರು!"

"ನಿನ್ನನ್ನ ಯಾರು ತಿಂತಾರೆ, ಹೋಗೇ. ಕಡಿದ್ರೆ ಹಲ್ಲು ಮುರೀಬೇಕು, ಬರೀ ಮೂಳೆ."

"ಒಂದಿಷ್ಟು ಉಪ್ಪು ಹಾಕಿಬಿಡು, ಕೆಡಲ್ಲ."

ನಕ್ಕೆವು. ನಾನು ಬಾಯಿ ಹೊಲಿದೆ. ಜನ್ಮದಲ್ಲಿ ಅಷ್ಟು ಬಿಗಿಯಾಗಿ ಹೊಲಿದದ್ದಿಲ್ಲ.

ಮಾರನೆಯ ಬೆಳಿಗ್ಗೆ, ಭಾನುವಾರ, ಪೇಟೆಯ ನಿಲ್ದಾಣಕ್ಕೆ ಬಂದೆವು. ನಿಮ್ಮ ಚೌಕಟ್ಟಿನ ಮುಂದೆ ಉದ್ದದ ಸಾಲು. ಗೇಟಿನ ಗುಮಾಸ್ತ ನಮ್ಮ ಬುಟ್ಟಿಯನ್ನು ಒಂದು ಸಲ ನೂಕಿ ನೋಡಿದ. ಒಂದು ಗೇಣು ಹೊರಗೇ ಉಳಿಯಿತು.

"ಹಾಜಿಯಮ್ಮ, ಇದು ತೂರಲ್ಲ."

"ತೂರುತ್ತಪ್ಪ, ಒಂಚೂರು ವಾರೆ ಮಾಡು."

"ಬುಟ್ಟಿ ವಾರೆ ಮಾಡಬಹುದು, ನಿಯಮ ವಾರೆ ಮಾಡಕ್ಕಾಗಲ್ಲ. ಒಳಗೇನಿದೆ?"

"ರೊಟ್ಟಿ."

"ಬರೀ ರೊಟ್ಟಿನಾ? ಕೈರೋದಲ್ಲಿ ರೊಟ್ಟಿಗೆ ಬರ ಬಂದಿದೆಯಾ? ಬಾಯಿ ಬಿಚ್ಚಿ, ನೋಡ್ತೀನಿ."

"ಬಿಚ್ಚಲ್ಲ."

ಹಿಂದಿನಿಂದ ಯಾರೋ ಕೂಗಿದರು. "ಲೇ, ಅದು ಹೊಲಿದ ಬುಟ್ಟಿ ಕಣೋ! ನಿಮ್ಮಮ್ಮ ನಿಂಗೆ ಯಾವತ್ತೂ ಬುಟ್ಟಿ ಕಳಿಸಿಲ್ವಾ?" ಸಾಲೆಲ್ಲ ನಕ್ಕಿತು. ಗುಮಾಸ್ತನ ಮುಖ ಕೆಂಪಾಯಿತು. ಕೆಟ್ಟವನಲ್ಲ, ಬೆವರಿನಲ್ಲಿ ತೊಯ್ದಿದ್ದ. "ಬಿಚ್ಚಲ್ಲ ಅಂದ್ರೆ ಸಾಮಾನು ಬೋಗಿಗೆ ಹಾಕಿ. ಇದೇ ರೈಲು. ಅಲ್ಲಿಳಿದು ರಸೀದಿ ತೋರಿಸಿ ತಗೊಳ್ಳಿ" ಎಂದ.

ನಬವಿಯ ನನ್ನ ತೋಳು ಹಿಡಿದು ಜಗ್ಗಿದಳು. "ದೊಡ್ಡಮ್ಮ, ಹೇಳಿಬಿಡೋಣ್ವಾ?"

"ಏನಂತ ಹೇಳ್ತೀಯೇ, ಇಷ್ಟು ಜನರ ಮುಂದೆ?"

ಆ ರೋಗದ ಹೆಸರನ್ನು ನಮ್ಮಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ನಾಳೆ ಅವಳ ಒಲೆಯ ರೊಟ್ಟಿಯನ್ನು ಯಾರೂ ಮುಟ್ಟುತ್ತಿರಲಿಲ್ಲ, ನಾಡಿದ್ದು ಅವಳ ಹೆಣ್ಣುಮಕ್ಕಳನ್ನು ಯಾರೂ ಕೇಳುತ್ತಿರಲಿಲ್ಲ. "ಸುಮ್ನಿರು. ಹೊಲಿದಿದೆ. ಯಾರೂ ಮುಟ್ಟಲ್ಲ" ಎಂದೆ.

ಮಾನ್ಯರೇ, ಯಾರೂ ಮುಟ್ಟಲಿಲ್ಲ. ಸಾಮಾನು ಬೋಗಿಯವನೂ ಮುಟ್ಟಲಿಲ್ಲ. ಗರಿಯ ಬುಟ್ಟಿಯಲ್ಲಿ ಹುಳು ಇರುತ್ತದೆ, ಅದನ್ನು ಸಾಮಾನು ಬೋಗಿಗೂ ಹಾಕಕೂಡದು ಎಂದು ನಿಮ್ಮದೇ ಇನ್ನೊಂದು ಸುತ್ತೋಲೆ ಇತ್ತಂತೆ. ಗೇಟಿನವನಿಗೆ ಅದು ಗೊತ್ತಿರಲಿಲ್ಲ, ಬೋಗಿಯವನಿಗೆ ಗೊತ್ತಿತ್ತು. ಒಂದೇ ಸೂರಿನಡಿ ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತ ಇಬ್ಬರಿಗೆ ಎರಡು ನಿಯಮ ಕೊಟ್ಟ ನಿಮ್ಮ ಔದಾರ್ಯಕ್ಕೆ ಏನೆನ್ನಲಿ? ಗೇಟಿನವನು ಕೊಟ್ಟ ರಸೀದಿ ನನ್ನ ಕೈಯಲ್ಲಿ ಕೈರೋಗೆ ಹೋಯಿತು. ಬುಟ್ಟಿ, ನಮಗೆ ತಿಳಿಯದೆಯೇ, ನಿಲ್ದಾಣದ ಉಗ್ರಾಣದಲ್ಲಿ ಉಳಿಯಿತು.

ಕೈರೋದಲ್ಲಿ ಇಳಿದು ಸಾಮಾನು ಬೋಗಿಯ ಬಾಗಿಲಲ್ಲಿ ನಿಂತೆವು. "ಬಂದಿಲ್ಲಮ್ಮ, ಮುಂದಿನ ರೈಲು ನೋಡಿ." ಮುಂದಿನದನ್ನು ನೋಡಿದೆವು. ಸೋಮವಾರ ಬಂದದ್ದನ್ನೆಲ್ಲ ನೋಡಿದೆವು. ರಸೀದಿಯ ಹಿಂದೆ ಅಚ್ಚಾಗಿದ್ದ ನಂಬರಿಗೆ ಎಷ್ಟು ಸಲ ಫೋನ್ ಮಾಡಿದೆವೋ. ಅದು ಬಡಿದುಕೊಳ್ಳುತ್ತಿತ್ತು, ಎತ್ತುವವರಿಲ್ಲ. ಮಂಗಳವಾರ ಬರಿಗೈಯಲ್ಲಿ ವೈದ್ಯರ ಮುಂದೆ ಕೂತೆವು. ಅವರು ಸಿಟ್ಟು ಮಾಡಲಿಲ್ಲ. "ಚೂರೇ ಇಲ್ಲದೆ ನಾನು ಏನನ್ನ ನೋಡಲಿ, ತಾಯಿ?" ಎಂದರು. ಅವಳನ್ನು ನೆಂಟರ ಮನೆಯಲ್ಲಿ ಬಿಟ್ಟು ನಾನೊಬ್ಬಳೇ ಹಿಂದಿರುಗಿದೆ. ಬುಧವಾರ ಬೆಳಿಗ್ಗೆ ನಿಮ್ಮ ಉಗ್ರಾಣದ ಬಾಗಿಲಲ್ಲಿದ್ದೆ.

ಅಲ್ಲಿ ಕಸ ಗುಡಿಸುವ ಮನುಷ್ಯನೊಬ್ಬ ಸಿಕ್ಕಿದ. ನಮ್ಮೂರ ಕಾಲುವೆಯ ಆಚೆಯ ಊರಿನವನು, ಮಾತಿನಲ್ಲೇ ತಿಳಿಯಿತು. ರಸೀದಿ ನೋಡಿ ಪೊರಕೆ ಕೆಳಗಿಟ್ಟ.

"ಅಕ್ಕಾ, ನಿಮ್ದಾ ಅದು? ಮೂರು ದಿನ ಇಟ್ಟಿದ್ದೆ. ಬೂಷ್ಟಿನ ವಾಸನೆ ಬಂತು, ಇಲಿ ಓಡಾಡೋಕೆ ಶುರುವಾಯ್ತು. ತಿನ್ನೋ ವಸ್ತು ಮೂರು ದಿನಕ್ಕಿಂತ ಜಾಸ್ತಿ ಇಡಂಗಿಲ್ಲ, ಸುಡು ಅಂದ್ರು. ನಿನ್ನೆ ಸಂಜೆ ಸುಟ್ಟೆ."

"ಒಳಗೆ ಏನಿದೆ ಅಂತ ನೋಡಲಿಲ್ವೇನಪ್ಪ?"

ಅವನಿಗೆ ನೋವಾಯಿತು, ಮುಖ ನೋಡಿದರೆ ತಿಳಿಯುತ್ತಿತ್ತು. "ಹೊಲಿದ ಬುಟ್ಟಿ, ಅಕ್ಕಾ! ಅದನ್ನ ನಾನು ಬಿಚ್ಚೋದಾ? ಉಗ್ರಾಣದ ಸಾಹೇಬ್ರು, ಬಿಚ್ಚಿ ನೋಡು, ರೊಟ್ಟಿ ಚೆನ್ನಾಗಿದ್ರೆ ಮನೆಗೆ ತಗೊಂಡು ಹೋಗು ಅಂದ್ರು. ನಾನು ಒಲ್ಲೆ ಅಂದೆ. ಬಾಯಿ ಹಾಗೇ ಇಟ್ಟು ಬೆಂಕಿ ಹಚ್ಚಿದೆ. ಒಂದು ಚೂರು ಮುಟ್ಟಿಲ್ಲ, ದೇವರಾಣೆ. ನಮ್ಮಮ್ಮನೂ ಬುಟ್ಟಿ ಹೊಲೀತಿದ್ಲು."

ನನ್ನನ್ನು ಸಮಾಧಾನ ಮಾಡಲೆಂದೇ ಹೇಳಿದ. ಕುಡಿಯಲು ಚಹಾ ತಂದುಕೊಟ್ಟ. ಒಳಗೆ ಏನಿತ್ತೆಂದು ನಾನು ಅವನಿಗೆ ಹೇಳಲಿಲ್ಲ. ಈ ಪತ್ರ ಅಚ್ಚಾದರೆ ಯಾರಾದರೂ ಅವನಿಗೆ ಓದಿ ಹೇಳಿಯಾರೆಂದು ಅವನ ಹೆಸರನ್ನು ಇಲ್ಲಿ ಬರೆದಿಲ್ಲ. ಹುಡುಕಿ ಶಿಕ್ಷಿಸುವ ಯೋಚನೆ ನಿಮಗಿದ್ದರೆ ಬಿಟ್ಟುಬಿಡಿ. ನಿಮ್ಮ ಇಡೀ ವಿಭಾಗದಲ್ಲಿ ನನ್ನ ಬುಟ್ಟಿಗೆ ಮರ್ಯಾದೆ ಕೊಟ್ಟವನು ಅವನೊಬ್ಬನೇ. ಆ ಮರ್ಯಾದೆಯೇ ನಮ್ಮನ್ನು ಸುಟ್ಟಿತು ಎಂಬುದು ಬೇರೆ ಮಾತು.

ಮತ್ತೆ ಕೊಯ್ದರು. ಸರದಿ ಬರಲು, ಕೊಯ್ಯಲು, ಮೇಣ ಕಟ್ಟಲು, ನೋಡಲು ಐದು ವಾರ. ಅಷ್ಟರಲ್ಲಿ ಗಂಟು ಕುತ್ತಿಗೆಯಿಂದ ಎದೆಗೆ ಇಳಿದಿತ್ತು. ಜನವರಿಯಲ್ಲಿ, ನಮ್ಮ ತೂಬಾ ತಿಂಗಳ ಚಳಿಯಲ್ಲಿ, ಅವಳು ಹೋದಳು. ಐದು ವಾರ ಮೊದಲೇ ಔಷಧಿ ಶುರುವಾಗಿದ್ದರೆ ಉಳಿಯುತ್ತಿದ್ದಳೇ ಎಂದು ವೈದ್ಯರನ್ನು ಕೇಳಿದೆ. "ಹೇಳಲಾರೆ" ಎಂದರು. ನಾನೂ ಹೇಳುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಬರೆದು ಮೊಹರು ಒತ್ತುವ ಅಭ್ಯಾಸ ನನಗಿಲ್ಲ.

ಕೊನೆಯ ದಿನಗಳಲ್ಲಿ ನಬವಿಯ ಒಂದು ಮಾತು ಕೇಳಿದಳು. "ದೊಡ್ಡಮ್ಮ, ಆ ಎರಡು ಚೂರು ನಾನೇ ಅಲ್ವಾ? ನಮ್ಮಲ್ಲಿ ಯಾರನ್ನೂ ಸುಡಲ್ಲ. ಅವಕ್ಕೆ ಸ್ನಾನ ಆಗ್ಲಿಲ್ಲ, ನಮಾಜ್ ಆಗ್ಲಿಲ್ಲ. ನಾನು ಅಲ್ಲಿಗೆ ಹೋದಾಗ ಕುತ್ತಿಗೆ ಎಲ್ಲಿ ಅಂತ ಕೇಳಿದ್ರೆ?" "ರೈಲಿನೋರ ಹತ್ರ ಇದೆ, ರಸೀದಿ ಇದೆ ಅನ್ನು" ಎಂದೆ. ಅವಳು ನಕ್ಕಳು. ಅದೇ ಅವಳ ಕೊನೆಯ ನಗು. ರಸೀದಿಯನ್ನು ಅವಳ ಜೊತೆ ಮಣ್ಣಿಗೆ ಕಳಿಸಬೇಕೆಂದಿದ್ದೆ, ಇಮಾಮರು ಬೇಡವೆಂದರು. ಈಗಲೂ ನನ್ನ ದಬ್ಬಳದ ಡಬ್ಬಿಯಲ್ಲಿದೆ.

ಮಾನ್ಯರೇ, ಈ ತಪ್ಪಿನಲ್ಲಿ ನನ್ನ ಪಾಲನ್ನು ನಾನು ಹೊತ್ತಿದ್ದೇನೆ. ಬಿಚ್ಚು ಎಂದಾಗ ಬಿಚ್ಚಲಿಲ್ಲ. ಏನಿದೆ ಎಂದಾಗ ರೊಟ್ಟಿ ಎಂದೆ. ತಂಪಿರಲೆಂದು ನಾನೇ ಇಟ್ಟ ಒದ್ದೆ ಬಟ್ಟೆಯಿಂದ ರೊಟ್ಟಿಗೆ ಬೂಷ್ಟು ಬಂದಿರಬೇಕು. ಸಾವು ಬಾರದಿರಲೆಂದು ಬಾಯಿ ಹೊಲಿದ ಕೈ ಇದೇ. ನನ್ನ ಲೆಕ್ಕವನ್ನು ಕೇಳುವವನು ಕೇಳುತ್ತಾನೆ. ನಿಮ್ಮದನ್ನು ಯಾರು ಕೇಳುತ್ತಾರೆ? ಮಾಲೀಕಳು ಎದುರಿಗೆ ನಿಂತಿರುವಾಗ ಬಿಚ್ಚಲೇಬೇಕು ಎಂದು ಹಟ ಹಿಡಿಯುವ ನಿಮ್ಮ ನಿಯಮ, ಮಾಲೀಕಳಿಲ್ಲದಾಗ ಬಿಚ್ಚದೆಯೇ ಬೆಂಕಿಗೆ ಹಾಕಲು ಒಪ್ಪುತ್ತದೆ. ಹಾಗಾದರೆ ಒಳಗೇನಿದೆ ಎಂದು ತಿಳಿಯುವ ಆಸೆ ನಿಮಗೆ ಯಾವಾಗಲಾದರೂ ಇತ್ತೇ? ಅಥವಾ ಸಾಲಿನಲ್ಲಿ ನಿಂತವರನ್ನು ನಾಚಿಸುವುದಷ್ಟೇ ಸಾಕಾಗಿತ್ತೇ?

ನಬವಿಯಳ ಬದಲಿಗೆ ನಾನು ಏನನ್ನೂ ಕೇಳುತ್ತಿಲ್ಲ, ಕೊಡಲು ನಿಮ್ಮಲ್ಲಿ ಏನಿದೆ? ಕೇಳುವುದು ಇಷ್ಟು. ಬಿಟ್ಟುಹೋದ ಯಾವ ಸಾಮಾನನ್ನೂ ಇಬ್ಬರ ಎದುರಿಗೆ ತೆರೆದು ನೋಡದೆ ಸುಡಕೂಡದು ಎಂಬ ಒಂದು ಸಾಲನ್ನು ನಿಯಮಕ್ಕೆ ಸೇರಿಸಿ. ಆ ಸಾಲನ್ನು ಗೇಟಿನವನಿಗೂ ಬೋಗಿಯವನಿಗೂ ಒಟ್ಟಿಗೆ ಓದಿ ಹೇಳಿ. ಚೌಕಟ್ಟಿನ ಪಕ್ಕದಲ್ಲಿ ಒಂದು ಪರದೆ ಕಟ್ಟಿ. ಹತ್ತು ಜನರ ಮುಂದೆ ಹೇಳಲಾಗದ್ದನ್ನು ಹೆಂಗಸರು ಒಬ್ಬರ ಕಿವಿಯಲ್ಲಿ ಹೇಳಿಯಾರು. ನಿಮ್ಮ ಉತ್ತರವನ್ನು ಹಿಂದಕ್ಕೆ ಕಳಿಸುತ್ತಿದ್ದೇನೆ. ಅದರಲ್ಲಿ ರೊಟ್ಟಿ ಎಂದಿರುವ ಕಡೆ ಅವಳ ಹೆಸರು ಬರೆದು, ಅದೇ ದುಂಡು ಮೊಹರು ಒತ್ತಿ ಕಳಿಸಿ. ಅವಳ ಹೆಣ್ಣುಮಕ್ಕಳು ಓದಲು ಕಲಿಯುತ್ತಿದ್ದಾರೆ. ನಾಳೆ ಆ ಕಾಗದ ಅವರ ಕೈಗೆ ಸಿಕ್ಕರೆ, ತಮ್ಮ ತಾಯಿ ಕೆಡುವ ಪದಾರ್ಥವಾಗಿದ್ದಳೆಂದು ಅವರು ಓದಬಾರದು.

ನಾನು ಈಗ ಬುಟ್ಟಿ ಹೊಲಿಯುವುದಿಲ್ಲ. ತಂದುಕೊಟ್ಟವರಿಗೆ ಬಟ್ಟೆ ಹಾಸಿ, ಕೈಯಲ್ಲಿ ಎಳೆದರೆ ಬಿಚ್ಚುವ ಗಂಟು ಹಾಕಿಕೊಡುತ್ತೇನೆ. "ಇದೇನು ಸಿತ್ತಹುಮ್, ಮುದಿಯಾದ್ಮೇಲೆ ಕೈ ಸಡಿಲಾಯ್ತಾ?" ಎಂದು ಹೆಂಗಸರು ನಗುತ್ತಾರೆ. ಹೌದು ಎನ್ನುತ್ತೇನೆ. ಈ ಪತ್ರದ ಲಕೋಟೆಯನ್ನೂ ಅಂಟಿಸಿಲ್ಲ. ನಿಮ್ಮವರೆಗೆ ತಲುಪದಿದ್ದರೂ ದಾರಿಯಲ್ಲಿ ಯಾರಾದರೂ ತೆರೆದು ಓದಲಿ.

ಇಂತಿ,
ಐವತ್ತು ವರ್ಷ ಬಿಗಿಯಾಗಿ ಹೊಲಿದು ಒಂದು ಸಲ ಸೋತ,
ನಗಾ ಸಂತ್‌ನ ಸಿತ್ತಹುಮ್
(ರಸೀದಿ ನನ್ನ ಬಳಿಯೇ ಇದೆ)